ಗುಂಡ್ಲುಪೇಟೆಯ ಅಂಗಡಿಗೆ ಬಂದ ‘ಪೆನ್‌ಡ್ರೈವ್’: ವೇಪ್ ಒಳಗೆ ಏನಿದೆ, ಕಾನೂನು ಏನು ಹೇಳುತ್ತದೆ

ಗುಂಡ್ಲುಪೇಟೆಯಲ್ಲಿ ಫ್ಯಾನ್ಸಿ ಸ್ಟೋರ್ ನಡೆಸುವ ಸಮಾಜ ಬಾಂಧವರೊಬ್ಬರು ಇತ್ತೀಚೆಗೆ ಫೋನ್ ಮಾಡಿದ್ದರು. ಮೊಬೈಲ್ ಕವರ್, ಇಯರ್‌ಫೋನ್ ತಂದುಕೊಡುವ ಸೇಲ್ಸ್‌ಮನ್ ಈ ಸಲ ಒಂದು ಚಿಕ್ಕ ಪೆಟ್ಟಿಗೆಯನ್ನೂ ಇಟ್ಟು ಹೋಗಿದ್ದನಂತೆ. ಒಳಗೆ ಬಣ್ಣಬಣ್ಣದ ಹತ್ತು ವಸ್ತುಗಳು. ನೋಡಿದರೆ ಪೆನ್‌ಡ್ರೈವ್, ಮೂಸಿದರೆ ಮಾವಿನ ಹಣ್ಣು. "ನಿಕೋಟಿನ್ ಇಲ್ಲ ಸಾರ್, ಬರೀ ಫ್ಲೇವರ್. ಹೊಗೆಯಲ್ಲ, ನೀರಿನ ಆವಿ. ಪ್ಯೂರ್ ವೆಜ್" ಎಂದು ಹೇಳಿದ್ದಾನೆ. ನಮ್ಮವರ ಪ್ರಶ್ನೆ ಸರಳವಾಗಿತ್ತು: "ಅಣ್ಣ, ಇದ ಅಂಗಡೀಲಿ ಮಡಗಬೋದಾ?"

ಮಡಗಬಾರದು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಆ ಸೇಲ್ಸ್‌ಮನ್ ಹೇಳಿದ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂಬುದು ಆ ವಸ್ತುವನ್ನು ಬಿಚ್ಚಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಅದೇ ಮಾತುಗಳು ನಮ್ಮ ಮಕ್ಕಳ ಕಿವಿಗೂ ಬೀಳುತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುವುದು ಒಳ್ಳೆಯದು.

ಎಲ್ಲರ ಮನೆಯಲ್ಲೂ ಇರುವ ಸೊಳ್ಳೆ ಓಡಿಸುವ ಲಿಕ್ವಿಡ್ ಮಷಿನ್ನನ್ನು ನೆನೆಸಿಕೊಳ್ಳಿ. ಕೆಳಗೆ ದ್ರವದ ಬಾಟಲಿ, ನಡುವೆ ಒಂದು ಬತ್ತಿ, ಮೇಲೆ ಬಿಸಿ ಮಾಡುವ ಬಿಲ್ಲೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಈ ಬತ್ತಿ ದ್ರವವನ್ನು ಮೇಲಕ್ಕೆ ಹೀರುತ್ತದೆ, ಬಿಸಿ ತಾಗಿ ಅದು ಗಾಳಿಗೆ ಸೇರುತ್ತದೆ. ವೇಪ್ ಎಂದರೆ ಇದೇ ಯಂತ್ರ. ವ್ಯತ್ಯಾಸ ಎರಡು. ಇದು ಗೋಡೆಯ ಪ್ಲಗ್ಗಿನ ಬದಲು ಬ್ಯಾಟರಿಯಿಂದ ನಡೆಯುತ್ತದೆ, ಮತ್ತು ಬರುವುದನ್ನು ಕೋಣೆಗೆ ಬಿಡುವ ಬದಲು ನೇರವಾಗಿ ಶ್ವಾಸಕೋಶಕ್ಕೆ ಎಳೆದುಕೊಳ್ಳಲಾಗುತ್ತದೆ.

ಹೊರಗಿನ ಪ್ಲಾಸ್ಟಿಕ್ ಅಥವಾ ಲೋಹದ ಕವಚದೊಳಗೆ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿದಿರುವುದು ಒಂದು ಲಿಥಿಯಂ ಬ್ಯಾಟರಿ, ನಮ್ಮ ಮೊಬೈಲಿನಲ್ಲಿರುವ ಜಾತಿಯದ್ದೇ. ಅದರ ತುದಿಯಲ್ಲಿ ಉಗುರಿನಷ್ಟಗಲದ ಒಂದು ಸೆನ್ಸರ್. ಇದರ ರಚನೆ ಮೈಕಿನೊಳಗಿನ ತೆಳು ಪೊರೆಯಂತೆ. ಬಾಯಿಂದ ಎಳೆದಾಗ ಒಳಗೆ ಗಾಳಿಯ ಒತ್ತಡ ತುಸು ಇಳಿಯುತ್ತದೆ, ಪೊರೆ ಅಲುಗುತ್ತದೆ, ಪಕ್ಕದ ಚಿಪ್ ಅದನ್ನು ಗುರುತಿಸಿ ಬ್ಯಾಟರಿಯಿಂದ ಕರೆಂಟ್ ಬಿಡುತ್ತದೆ. ಆದ್ದರಿಂದಲೇ ಹಲವು ವೇಪ್‌ಗಳಿಗೆ ಸ್ವಿಚ್ ಇರುವುದಿಲ್ಲ, ಬೆಂಕಿಪೊಟ್ಟಣವೂ ಬೇಡ. ಎಳೆದಾಗ ತುದಿಯಲ್ಲಿ ಹೊತ್ತುವ ಸಣ್ಣ ದೀಪ ಸಿಗರೇಟಿನ ಕೆಂಡದ ನೆನಪಿಗಾಗಿ ಇಟ್ಟದ್ದು, ಅಷ್ಟೇ.

ಕರೆಂಟ್ ಹೋಗಿ ಸೇರುವುದು ಕಾಯಿಲ್‌ಗೆ. ನಿಕಲ್-ಕ್ರೋಮಿಯಂ ಅಥವಾ ಕಬ್ಬಿಣ-ಕ್ರೋಮಿಯಂ-ಅಲ್ಯೂಮಿನಿಯಂ ಮಿಶ್ರಲೋಹದ ಕೂದಲೆಳೆಯಂಥ ತಂತಿ ಅದು. ನೀರು ಕಾಯಿಸುವ ಹೀಟರ್ ಕಾಯಿಲಿನ ಚಿಕ್ಕ ತಮ್ಮ ಎನ್ನಬಹುದು. ಸುಮಾರು 3.7 ವೋಲ್ಟ್ ಬ್ಯಾಟರಿಗೆ 1.2 ಓಮ್ ತಂತಿ ಸೇರಿಸಿದರೆ ಸುಮಾರು 11 ವ್ಯಾಟ್ ಶಾಖ ಹುಟ್ಟುತ್ತದೆ. ಒಂದು ಎಲ್‌ಇಡಿ ಬಲ್ಬಿಗೆ ಬೇಕಾಗುವಷ್ಟು ಶಕ್ತಿ ಕಡಲೆಕಾಳಿನಷ್ಟು ಜಾಗದಲ್ಲಿ. ತಂತಿಯ ಸುತ್ತ ಅಥವಾ ನಡುವೆ ದ್ರವದಲ್ಲಿ ನೆನೆದ ಹತ್ತಿ ಇರುತ್ತದೆ, ಕೆಲವದರಲ್ಲಿ ಸೂಕ್ಷ್ಮ ರಂಧ್ರಗಳ ಸೆರಾಮಿಕ್. ದ್ರವ ತುಂಬಿದ ಭಾಗಕ್ಕೆ ಪಾಡ್ ಎನ್ನುತ್ತಾರೆ. ಕೆಲವದರಲ್ಲಿ ಪಾಡ್ ಬದಲಿಸಬಹುದು. ಅಗ್ಗದವು ಒಮ್ಮೆ ಖಾಲಿಯಾದರೆ ಬಿಸಾಡುವಂಥವು.

ಈಗ ‘ನೀರಿನ ಆವಿ’ಯ ಮಾತಿಗೆ ಬರೋಣ. ಪಾಡ್‌ನಲ್ಲಿರುವುದು ಬಹುಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ನೀರು 100 ಡಿಗ್ರಿಯಲ್ಲಿ ಕುದಿದರೆ ಮೊದಲನೆಯದು 188 ಡಿಗ್ರಿಯಲ್ಲಿ, ಎರಡನೆಯದು 290 ಡಿಗ್ರಿಯಲ್ಲಿ ಕುದಿಯುತ್ತದೆ. ಕಾಯಿಲ್ 200 ಡಿಗ್ರಿ ದಾಟುವುದು ಅದಕ್ಕೇ. ಹೀಗೆ ಎದ್ದ ಆವಿ ತಣ್ಣನೆಯ ಗಾಳಿ ತಾಗಿದೊಡನೆ ಮತ್ತೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗುತ್ತದೆ. ಬಾಯಿಂದ ಬರುವ ಬಿಳಿ ಮೋಡ ಈ ಹನಿಗಳದ್ದು. ಹನಿ ಹನಿಯಲ್ಲೂ ದ್ರವದಲ್ಲಿದ್ದುದೆಲ್ಲ ಇರುತ್ತದೆ: ನಿಕೋಟಿನ್, ಪರಿಮಳದ ರಾಸಾಯನಿಕ, ಕಾದ ತಂತಿಯಿಂದ ಬಿಟ್ಟ ನಿಕಲ್, ಕ್ರೋಮಿಯಂನಂಥ ಲೋಹದ ಅಂಶ. ಹತ್ತಿ ಒಣಗಿದ್ದಾಗ ಎಳೆದರೆ ಗ್ಲಿಸರಿನ್ ಸೀದು ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಸಿಗರೇಟಿನ ಟಾರ್ ಇದರಲ್ಲಿಲ್ಲ ಎಂಬುದು ನಿಜ. ನೀರಿನ ಆವಿ ಎಂಬುದು ಮಾತ್ರ ಸುಳ್ಳು.

‘ಪ್ಯೂರ್ ವೆಜ್’ ಎಂಬುದು ನಮ್ಮಂಥವರಿಗಾಗಿಯೇ ಹೊಲಿದ ಮಾತು. ಗ್ಲಿಸರಿನ್ ಸಸ್ಯದ ಎಣ್ಣೆಯಿಂದಲೂ ಆಗುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ ಆಗುತ್ತದೆ. ಪೆಟ್ಟಿಗೆಯ ಮೇಲೆ ‘ವೆಜಿಟಬಲ್ ಗ್ಲಿಸರಿನ್’ ಎಂದು ಬರೆಯುವ ರೂಢಿ ಇದೆ. ಆದರೆ ಕಳ್ಳದಾರಿಯಲ್ಲಿ ಬಂದ ಸರಕಿಗೆ ಹಸಿರು ಚುಕ್ಕೆಯ ಖಾತ್ರಿ ಕೊಡುವವರು ಯಾರು? ಪರಿಮಳಗಳ ಮಾತೂ ಅಷ್ಟೆ. ಐಸ್‌ಕ್ರೀಮಿನಲ್ಲಿ ತಿನ್ನಲು ಯೋಗ್ಯ ಎಂದು ಒಪ್ಪಿದ ಪರಿಮಳ, ಕಾಯಿಸಿ ಉಸಿರಾಡಲು ಯೋಗ್ಯ ಎಂದು ಅರ್ಥವಲ್ಲ. ಹೊಟ್ಟೆಗೆ ಜೀರ್ಣಿಸುವ ವ್ಯವಸ್ಥೆ ಇದೆ, ಶ್ವಾಸಕೋಶಕ್ಕೆ ಇಲ್ಲ.

ಇನ್ನು ನಿಕೋಟಿನ್. ಇದು ಬರುವುದು ಹೊಗೆಸೊಪ್ಪಿನಿಂದ. ನಮ್ಮ ಪಕ್ಕದ ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಕಾಣುವ ಅದೇ ಗಿಡದ ಎಲೆ. ಶುದ್ಧ ನಿಕೋಟಿನ್ ಗಂಟಲಿಗೆ ಖಾರ, ಹೊಸಬರು ಎರಡೆಳೆತಕ್ಕೇ ಕೆಮ್ಮಿ ಬಿಡುತ್ತಾರೆ. 2015ರಲ್ಲಿ ಅಮೆರಿಕದಲ್ಲಿ ಬಂದ ಜೂಲ್ ಎಂಬ ಬ್ರಾಂಡ್ ಇದಕ್ಕೆ ಬೆಂಜಾಯಿಕ್ ಆಮ್ಲ ಬೆರೆಸಿ ‘ನಿಕೋಟಿನ್ ಸಾಲ್ಟ್’ ಮಾಡಿತು. ಖಾರ ಹೋಯಿತು, ಪ್ರಮಾಣ ಏರಿತು. 0.7 ಮಿಲಿಲೀಟರಿನ, ಶೇಕಡಾ 5ರ ಒಂದು ಪಾಡ್‌ನಲ್ಲಿ ಸುಮಾರು 40 ಮಿಲಿಗ್ರಾಂ ನಿಕೋಟಿನ್. ಒಂದು ಪ್ಯಾಕ್ ಸಿಗರೇಟಿಗೆ ಸಮ ಎಂದು ಲೆಕ್ಕ ಹಾಕುತ್ತಿದ್ದರು. ಹದಿನಾರರ ಹುಡುಗ ಒಂದು ಪ್ಯಾಕ್ ಸಿಗರೇಟು ಸೇದಿ ಮನೆಗೆ ಬಂದರೆ ಬಾಗಿಲಲ್ಲೇ ತಾಯಿಗೆ ಗೊತ್ತಾಗುತ್ತದೆ. ಒಂದು ಪಾಡ್ ಖಾಲಿ ಮಾಡಿ ಬಂದರೆ ಚೂಯಿಂಗ್ ಗಮ್ ವಾಸನೆ. ಹಳೆಯ ಕಾಲದ ಎಚ್ಚರಿಕೆಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕಾನೂನಿನ ಕಡೆ ಹೋಗೋಣ. ಇ-ಸಿಗರೇಟ್ ಮಾರಾಟವನ್ನು ಕರ್ನಾಟಕ ಸರ್ಕಾರ 2016ರ ಜೂನ್‌ನಲ್ಲೇ ನಿಷೇಧಿಸಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರ ಮೇ ತಿಂಗಳಲ್ಲಿ ಸಂಪೂರ್ಣ ನಿಷೇಧಕ್ಕೆ ಶಿಫಾರಸು ಮಾಡಿತು. ಅದೇ ವರ್ಷ ಸೆಪ್ಟೆಂಬರ್ 18ರಂದು ಕೇಂದ್ರದ ಸುಗ್ರೀವಾಜ್ಞೆ ಬಂತು, ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ.

ನಮ್ಮ ವ್ಯಾಪಾರಿಗಳು ಗಮನಿಸಬೇಕಾದ ಎರಡು ಪದಗುಚ್ಛಗಳು ಈ ಕಾಯ್ದೆಯಲ್ಲಿವೆ. ಒಂದು, ವ್ಯಾಖ್ಯೆಯಲ್ಲಿ: ನಿಕೋಟಿನ್ ಇರಲಿ, ಇಲ್ಲದಿರಲಿ, ಒಂದು ಪದಾರ್ಥವನ್ನು ಕಾಯಿಸಿ ಉಸಿರಾಡಲು ಕೊಡುವ ಎಲೆಕ್ಟ್ರಾನಿಕ್ ಸಾಧನ ಯಾವುದೇ ಹೆಸರಿನಲ್ಲಿ, ಯಾವುದೇ ಆಕಾರದಲ್ಲಿ ಬಂದರೂ ಇ-ಸಿಗರೇಟೇ. ಇ-ಹುಕ್ಕಾ ಕೂಡ ಇದರೊಳಗೆ. ಅಂದರೆ ‘ಬರೀ ಫ್ಲೇವರ್’ ಎಂಬ ಸಮಜಾಯಿಷಿಗೆ ಕಾಸಿನ ಬೆಲೆಯಿಲ್ಲ. ಎರಡು, ನಿಷೇಧದ 4ನೇ ಸೆಕ್ಷನ್‌ನಲ್ಲಿ: ಇಡೀ ಸಾಧನವಾಗಲಿ, ಅದರ ಯಾವುದೇ ಭಾಗವಾಗಲಿ. ಪಾಡ್ ಮಾತ್ರ ಮಾರುತ್ತೇನೆ, ಕಾಯಿಲ್ ಮಾತ್ರ ಇಡುತ್ತೇನೆ ಎಂದರೂ ಅದೇ ಅಪರಾಧ. ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಗೊತ್ತಿದ್ದೂ ತನ್ನ ಜಾಗದಲ್ಲಿ ದಾಸ್ತಾನಿಗೆ ಅವಕಾಶ ಕೊಟ್ಟವರಿಗೆ 6 ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಗೋದಾಮು ಬಾಡಿಗೆಗೆ ಕೊಟ್ಟಿರುವವರು ಈ ಕೊನೆಯ ಸಾಲನ್ನು ಎರಡು ಸಲ ಓದಿಕೊಳ್ಳಿ. ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿಗೇ ಶೋಧನೆ, ಜಪ್ತಿಯ ಅಧಿಕಾರವಿದೆ.

ಸೇದುವುದನ್ನು 4ನೇ ಸೆಕ್ಷನ್ ಹೆಸರು ಹಿಡಿದು ಹೇಳುವುದಿಲ್ಲ. ಹಾಗೆಂದು ದುಬೈನಿಂದ ಬರುವ ಅಳಿಯನಿಗೋ ಭಾವಮೈದುನನಿಗೋ ನಾಲ್ಕು ತಂದುಕೊಡು ಎಂದು ಹೇಳಿ ಕಳಿಸಬೇಡಿ. ಅಲ್ಲಿ 2019ರಿಂದ ಮಾರಾಟ ಕಾನೂನುಬದ್ಧ, ಇಲ್ಲಿ ಇಳಿದ ಕ್ಷಣ ಅದು ಆಮದು.

ಗುಂಡ್ಲುಪೇಟೆಯಂಥ ಊರಿಗೆ ಈ ವಿಷಯ ಯಾಕೆ ಮುಖ್ಯ ಎಂದು ಕೇಳಬಹುದು. ಊರಿನ ನಕ್ಷೆ ನೋಡಿ. ಮೈಸೂರಿನಿಂದ ಬಂದ ರಸ್ತೆ ಇಲ್ಲಿ ಕವಲೊಡೆದು ಒಂದು ಮೂಲೆಹೊಳೆ ದಾಟಿ ವಯನಾಡಿಗೆ, ಇನ್ನೊಂದು ಬಂಡೀಪುರದ ಮೂಲಕ ಗೂಡಲೂರು, ಊಟಿಗೆ ಹೋಗುತ್ತದೆ. ಅತ್ತ ಚಾಮರಾಜನಗರದಿಂದ ಪುಣಜನೂರು ಮೇಲೆ ಸತ್ಯಮಂಗಲದ ದಾರಿ. ಮೂರು ರಾಜ್ಯದ ಪ್ರವಾಸಿಗಳು ಚಹಾಕ್ಕೆ, ಚಾರ್ಜರಿಗೆ, ಚಿಪ್ಸಿಗೆ ನಿಲ್ಲುವುದು ಇಲ್ಲಿಯ ಅಂಗಡಿಗಳಲ್ಲಿ. ಕಾಡಿನ ರಸ್ತೆಗಳು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುವುದರಿಂದ ತಡವಾಗಿ ಬಂದವರು ಊರಲ್ಲೇ ಉಳಿಯುತ್ತಾರೆ. ಹೀಗೆ ಹೊರಗಿನ ಗಿರಾಕಿಯ ಬೇಡಿಕೆ ಇದ್ದಲ್ಲಿಗೆ ಸರಕು ಹುಡುಕಿಕೊಂಡು ಬರುತ್ತದೆ. ಗಿರಾಕಿ ಮುಂದಿನ ಊರಿಗೆ ಹೋಗುತ್ತಾನೆ, ಉಳಿದ ಸರಕು ಸ್ಥಳೀಯ ಕಾಲೇಜಿನ ಹುಡುಗರ ಕೈಗೆ.

ಎದುರು ವಾದವನ್ನೂ ಹೇಳಬೇಕು. 2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ವೇಪಿಂಗ್ ಸಿಗರೇಟಿಗಿಂತ ಶೇಕಡಾ 95ರಷ್ಟು ಕಡಿಮೆ ಹಾನಿಕರ ಎಂದು ಅಂದಾಜಿಸಿತ್ತು. ಸಿಗರೇಟು ಬಿಡಲಾಗದ ವಯಸ್ಕರಿಗೆ ಅಲ್ಲಿ ಇಂದಿಗೂ ಇದನ್ನು ಒಂದು ದಾರಿಯೆಂದು ಸೂಚಿಸುತ್ತಾರೆ. ಆದರೆ ಮಕ್ಕಳ ಕೈಯಲ್ಲಿ ಅಗ್ಗದ ವೇಪ್‌ಗಳು ಹೆಚ್ಚಿದ್ದನ್ನು ಕಂಡು, ಕಸದ ರಾಶಿಯನ್ನೂ ಕಂಡು, ಅದೇ ಬ್ರಿಟನ್ 2025ರ ಜೂನ್ 1ರಿಂದ ಬಿಸಾಡುವ ವೇಪ್‌ಗಳ ಮಾರಾಟವನ್ನು ನಿಲ್ಲಿಸಿತು. ನಮ್ಮಲ್ಲಿನ ವಿಪರ್ಯಾಸವೂ ಸಣ್ಣದಲ್ಲ. ವೇಪ್ ಪೂರ್ತಿ ನಿಷೇಧ, ಬೀಡಿ, ಸಿಗರೇಟು, ಕಡ್ಡಿಪುಡಿ ಮಾತ್ರ ಮೂಲೆಮೂಲೆಯ ಪೆಟ್ಟಿಗೆ ಅಂಗಡಿಯಲ್ಲಿ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಹುಕ್ಕಾ ಬಾರ್‌ಗಳನ್ನು ನಿಷೇಧಿಸಿ, ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿ, ಸಾರ್ವಜನಿಕ ಸ್ಥಳದ ದಂಡವನ್ನು 200ರಿಂದ 1,000 ರೂಪಾಯಿಗೆ ಒಯ್ದಿದೆ. ವಯಸ್ಸು ಕೇಳಿ ಕೊಡುವ ಅಂಗಡಿಯನ್ನು ನಾನಂತೂ ಇನ್ನೂ ನೋಡಿಲ್ಲ.

ನಿಷೇಧಕ್ಕೆ ಇನ್ನೊಂದು ಬೆಲೆಯಿದೆ. ಕಳ್ಳ ಸರಕಿನಲ್ಲಿ ಏನಿದೆ ಎಂದು ಪರೀಕ್ಷಿಸುವವರಿಲ್ಲ. ಅಮೆರಿಕದಲ್ಲಿ 2019ರಲ್ಲಿ ವೇಪಿಂಗ್‌ನಿಂದ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದವರ ಸಂಖ್ಯೆ 2020ರ ಫೆಬ್ರವರಿ ಹೊತ್ತಿಗೆ 2,807, ಸತ್ತವರು 68. ಮುಖ್ಯ ಕಾರಣವಾಗಿ ಕಂಡದ್ದು ಗಾಂಜಾ ಅಂಶದ ಪಾಡ್‌ಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ. ಬಹುಪಾಲು ಬೀದಿಯಲ್ಲಿ, ಗೆಳೆಯರ ಮೂಲಕ ಕೈಗೆ ಬಂದ ಸರಕು. ‘ನಿಕೋಟಿನ್ ಇಲ್ಲ’ ಎಂದು ಅಚ್ಚು ಹಾಕಿದ ಪೆಟ್ಟಿಗೆಯೊಳಗೆ ನಿಕೋಟಿನ್ ಇಲ್ಲವೇ, ಇನ್ನೇನಾದರೂ ಇದೆಯೇ ಎಂದು ನಮ್ಮ ಗುಂಡ್ಲುಪೇಟೆಯ ಅಂಗಡಿಯವರು ತಿಳಿಯುವ ದಾರಿಯೇ ಇಲ್ಲ.

ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದು ಎಂದು ಅವರಿಗೆ ನೆನಪಿಸಿದೆ. "ಅದು ಗೊತ್ತಣ್ಣ, ಆದ್ರೆ ಇದು ವಿಷ ಅಂತ ಗೊತ್ತಿರ್ಲಿಲ್ಲ" ಎಂದರು. ತಪ್ಪು ಅವರದ್ದಲ್ಲ. ವಿಷದ ಬಾಟಲಿಗೆ ಈಗ ಮಾವಿನ ಬಣ್ಣ.

ಮನೆಯಲ್ಲಿ ಮಕ್ಕಳ ಬ್ಯಾಗಿನಲ್ಲಿ ಇಂಥದ್ದು ಸಿಕ್ಕರೆ ಮೊದಲು ಕಂಪ್ಯೂಟರಿಗೆ ಸಿಕ್ಕಿಸುವ ತುದಿ ಇದೆಯೇ ನೋಡಿ. ಪೆನ್‌ಡ್ರೈವ್‌ನಲ್ಲಿ ಗಾಳಿ ಹೋಗುವ ತೂತು ಇರುವುದಿಲ್ಲ, ಬಾಯಿಗೆ ಇಡುವ ಚಪ್ಪಟೆ ತುದಿಯೂ ಇರುವುದಿಲ್ಲ. ಹೊಡೆದು ಬಡಿದು ಕೇಳುವುದಕ್ಕಿಂತ, ಎಷ್ಟು ದಿನದಿಂದ, ಬೆಳಿಗ್ಗೆ ಎದ್ದೊಡನೆ ಬೇಕೆನಿಸುತ್ತದೆಯೇ ಎಂದು ಕೇಳುವುದು ಉಪಯುಕ್ತ. ಎರಡನೆಯದಕ್ಕೆ ಹೌದು ಎಂದರೆ ಅದು ಚಟವಾಗಿದೆ, ಬೈಗುಳದಿಂದ ಬಿಡುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ತಂಬಾಕು ಬಿಡಿಸುವ ಸಹಾಯವಾಣಿ 1800-11-2356, ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಇದರ ಒಂದು ಕೇಂದ್ರವಾಗಿರುವುದರಿಂದ ಕನ್ನಡದಲ್ಲೇ ಮಾತಾಡಬಹುದು.

ಸಿಕ್ಕಿದ್ದನ್ನು ಒಲೆಗೆ ಹಾಕಬೇಡಿ, ಜಜ್ಜಬೇಡಿ, ಬಂಡೀಪುರದ ರಸ್ತೆಯಲ್ಲಿ ಕಿಟಕಿಯಿಂದ ಎಸೆಯುವುದಂತೂ ಬೇಡವೇ ಬೇಡ. ಜಜ್ಜಿದ ಲಿಥಿಯಂ ಬ್ಯಾಟರಿ ತಾನಾಗಿ ಹೊತ್ತಿಕೊಳ್ಳುತ್ತದೆ. 2019ರ ಫೆಬ್ರವರಿಯ ಕಾಡ್ಗಿಚ್ಚನ್ನು ಕಂಡವರಿಗೆ ಒಣ ಬಿದಿರಿನ ಬುಡದಲ್ಲಿ ಒಂದು ಕಿಡಿ ಏನು ಮಾಡೀತೆಂದು ಹೇಳಬೇಕಿಲ್ಲ. ಬಿಸಾಡುವ ವೇಪ್‌ನೊಳಗಿನ ಬ್ಯಾಟರಿ 450ಕ್ಕೂ ಹೆಚ್ಚು ಸಲ ಚಾರ್ಜ್ ಆಗಬಲ್ಲದು ಎಂದು ಲಂಡನ್ನಿನ ಸಂಶೋಧಕರು 2023ರಲ್ಲಿ ತೋರಿಸಿದ್ದಾರೆ. ಒಮ್ಮೆ ಸೇದಿ ಎಸೆಯುವ ವಸ್ತುವಿಗೆ ಅಷ್ಟು ಲೋಹ! ಹಳೆಯ ಮೊಬೈಲ್ ಬ್ಯಾಟರಿ ತೆಗೆದುಕೊಳ್ಳುವ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡಿ.

ಫೋನ್ ಮಾಡಿದವರು ಮರುದಿನ ಪೆಟ್ಟಿಗೆಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿದರು. ಹತ್ತು ವಸ್ತು, ಯಾವ ದಿನ, ಯಾರು ಇಟ್ಟು ಹೋದದ್ದು ಎಂದು ಒಂದು ಬಿಳಿ ಹಾಳೆಯಲ್ಲಿ ಬರೆದುಕೊಟ್ಟು, ಅದರ ನಕಲಿಗೆ ಸಹಿ ಹಾಕಿಸಿಕೊಂಡಿದ್ದಾರೆ. ಸೇಲ್ಸ್‌ಮನ್ ಮಾತ್ರ ಆ ಮೇಲೆ ಆ ಕಡೆ ಬಂದಿಲ್ಲವಂತೆ. ಮೊಬೈಲ್ ಕವರ್‌ಗಳ ಬಾಕಿ ಹಣವನ್ನೂ ಕೇಳಿಲ್ಲ.