ಗಂಡಭೇರುಂಡ ಅಂದ್ರೆ ಎರಡು ತಲೆ ಡ್ರ್ಯಾಗನ್ ಅಲ್ಲ ಕಣ್ರೋ

1/5
ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋ ನಮ್ ಹುಡುಗ್ರು ಈ ಸಲ ಕನ್ನಡದ್ದೇ ಕತೆ ಕಟ್ತಿದಾರೆ. ತುಂಬಾ ಖುಷಿ. ಆದ್ರೆ ಅವರ ಗಂಡಭೇರುಂಡ ಗುಹೇಲಿ ನಿಧಿ ಕಾಯುತ್ತೆ, ಬೆಂಕಿ ಉಗುಳುತ್ತೆ, ಕೊನೇಲಿ ಹೀರೋ ಕೈಲಿ ಸಾಯುತ್ತೆ. ಅದು ಡ್ರ್ಯಾಗನ್ನೇ. ಹೆಸರು ಮಾತ್ರ ನಮ್ದು.

2/5
ಆ ಆಟದ ಪುಸ್ತಕದಲ್ಲಿ ರಾಕ್ಷಸನಿಗೆ ಹುಲಿ ತಲೆ, ತಿರುವುಮುರುವು ಅಂಗೈ. ಊರಹಬ್ಬದ ನಾಟಕದಲ್ಲಿ ಮೀಸೆ ತಿರುವ್ಕೊಂಡು ಬರೋ ರಾಕ್ಷಸನ್ನ ನೋಡಿರೋ ನಮಗೆ ನಗು ಬರುತ್ತೆ. ಅವರೇನೋ ದೂರದೋರು. ನಮಗೇನ್ ನೆಪ?

3/5
"ದೇವರ ವಿಷಯ, ಮುಟ್ಟಬೇಡಿ" ಅನ್ನೋರಿಗೂ ಒಂದ್ ಮಾತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಕಂಬದ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಸುಮಾರು ಐನೂರು ವರ್ಷ ಆದ್ಮೇಲೆ ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದಲ್ಲಿ ಪೂರಾ ಹಕ್ಕಿ, ಕೊಕ್ಕಲ್ಲೂ ಉಗುರಲ್ಲೂ ಆನೆ. ಈಗ ನಮ್ಮ ರಾಜ್ಯದ ಲಾಂಛನದಲ್ಲಿದೆ, ಕೆಎಸ್‌ಆರ್‌ಟಿಸಿ ಬಸ್ಸಲ್ಲೂ ಓಡಾಡ್ತಿದೆ. ಬದಲಾಯಿಸೋದು ತಪ್ಪಲ್ಲ. ತಿಳ್ಕೊಳ್ದೆ ಬದಲಾಯಿಸೋದು ಸೋಂಬೇರಿತನ.

4/5
ಕತೆ ಕೇಳಿ. ಹಿರಣ್ಯಕಶಿಪುನ ಕೊಂದ ಮೇಲೂ ನರಸಿಂಹನ ಕೋಪ ಇಳೀಲಿಲ್ಲ. ಅವನನ್ನ ತಣ್ಣಗೆ ಮಾಡೋಕೆ ಶಿವ ಶರಭನಾಗಿ ಬಂದ. ಶೈವರ ಕತೆ ಅಲ್ಲಿಗೆ ಮುಗೀತು, ಶರಭನೇ ಗೆದ್ದ. ವೈಷ್ಣವರು ಬಿಡ್ತಾರಾ? ಶರಭನ ಎದುರಿಗೆ ವಿಷ್ಣು ಗಂಡಭೇರುಂಡನಾಗಿ ಬಂದ ಅಂದ್ರು. ಯಾರು ಗೆದ್ರು ಅನ್ನೋದು ಯಾರು ಹೇಳ್ತಿದಾರೆ ಅನ್ನೋದರ ಮೇಲೆ! ಇದಕ್ಕಿಂತ ಒಳ್ಳೆ ಗೇಮ್ ಎಲ್ಲಿ ಸಿಗುತ್ತೆ? ಒಂದು ಶಕ್ತಿ ತಡೆಯೋಕೆ ಇನ್ನೊಂದನ್ನ ಕರೀಬೇಕು. ಆಮೇಲೆ ಅದನ್ನ ತಡೆಯೋರ್ಯಾರು?

5/5
ನಮ್ ಜಿಲ್ಲೇಲೇ ಆಡಿಸಿ ನೋಡಿ. ಕನಕಪುರ, ಚನ್ನಪಟ್ಟಣದ ಕಾಡಂಚಿನ ರೈತರನ್ನ ಕೇಳಿ, ಆನೆ ಹಿಂಡು ರಾತ್ರಿ ಬಾಳೆತೋಟಕ್ಕೆ ನುಗ್ಗಿದ್ರೆ ಬೆಳಿಗ್ಗೆ ಏನ್ ಉಳಿಯುತ್ತೆ ಅಂತ. ಆ ಆನೇನ ಹದ್ದು ಕೋಳಿಮರಿ ಎತ್ತೋ ಹಾಗೆ ಎತ್ಕೊಂಡು ಹೋಗೋ ಹಕ್ಕಿ ಇದು. ನಿಮ್ಮ ಆಟದಲ್ಲಿ ಊರಿನೋರು ಅದನ್ನ ಕರೀಲಿ. ಆನೆ ಹೋಗ್ಲಿ. ಹಕ್ಕಿ ಮಾತ್ರ ವಾಪಸ್ ಹೋಗದೆ ಊರಿನ ಮೇಲೇ ಸುತ್ತು ಹೊಡೀಲಿ. ಆಗ ಪ್ಲೇಯರ್‌ಗಳು ಕತ್ತಿ ಹಿಡಿದು ಏನ್ ಮಾಡ್ತಾರೆ ನೋಡೋಣ.

ಬೆಂಕಿ ಉಗುಳೋದೇ ಬೇಕು ಅಂದ್ರೆ ಡ್ರ್ಯಾಗನ್ ಅಂತಲೇ ಹೆಸರಿಡಿ, ನನ್ನ ತಕರಾರಿಲ್ಲ.

ನಿಮ್ಮಜ್ಜಿ ಹೇಳಿದ ಕತೇಲಿ ಗೆದ್ದಿದ್ದು ಶರಭನೋ ಗಂಡಭೇರುಂಡನೋ? ಕಾಮೆಂಟಲ್ಲಿ ಹಾಕಿ. ಜಗಳ ಆಡೋಣ.

#ಗಂಡಭೇರುಂಡ #ಕನ್ನಡಗೇಮ್ #ಗುಡೇಮಾರನಹಳ್ಳಿ