ಗಿರಾಕಿಯ ದೂರು ಅಂಗಡಿಯಲ್ಲೇ ಬಗೆಹರಿಯಲಿ

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಯ ಮೇಲಿರುವ ಮೂರು ವ್ಯಾಪಾರದ ಊರುಗಳು. ಒಂದೂರಿನ ಅಂಗಡಿಯಲ್ಲಿ ಬೇಸರವಾದ ಗಿರಾಕಿ ಬಸ್ ಹತ್ತಿ ಮುಂದಿನ ಊರಿಗೆ ಹೋಗುವುದು ಹಳೆಯ ರೂಢಿ. ಈಗ ಹೋಗುವ ಮೊದಲು ಮೊಬೈಲ್‌ನಲ್ಲಿ ನಾಲ್ಕು ಸಾಲು ಬರೆದು, ಒಂದೇ ಸ್ಟಾರ್ ಕೊಟ್ಟು ಹೋಗುತ್ತಾನೆ. ವ್ಯಾಪಾರಿಗಳು ಇದಕ್ಕೆ ಸಿಟ್ಟಾಗುವುದಕ್ಕಿಂತ ಕಾರಣ ಹುಡುಕುವುದು ಲೇಸು.

ಬಿಲ್ಲಿನ ಕೆಳಗಿನ ಸಾಲು

‘ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ’ ಎಂಬ ಸಾಲು ಇಂದಿಗೂ ಹಲವು ಬಿಲ್ಲುಗಳಲ್ಲಿದೆ. ದೋಷವಿರುವ ಮಾಲಿನ ಮಟ್ಟಿಗೆ ಆ ಸಾಲು ನಿಲ್ಲುವುದಿಲ್ಲ. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದಲ್ಲಿ, ದೋಷದ ಮಾಲನ್ನು ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ ಸಾಲಿಗೆ ಸೇರುತ್ತದೆ.

5 ಲಕ್ಷ ರೂಪಾಯಿವರೆಗಿನ ಖರೀದಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ. ಗಿರಾಕಿ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರಟಗಿಯವರು ಸಿಂಧನೂರಿನಲ್ಲಿ ಖರೀದಿಸಿದ್ದರೆ, ಇಲ್ಲಿನ ವ್ಯಾಪಾರಿ ಕೊಪ್ಪಳದಲ್ಲಿ ಉತ್ತರ ಹೇಳಬೇಕಾದೀತು. ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಮತ್ತೆ 15 ದಿನ. ಅದಕ್ಕಿಂತ ಹೆಚ್ಚು ಕಾಲ ಕೊಡಲಾಗದು ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2020ರಲ್ಲಿ ಸ್ಪಷ್ಟಪಡಿಸಿದೆ. ನೋಟಿಸನ್ನು ಡ್ರಾಯರ್‌ನಲ್ಲಿ ಇಟ್ಟು ಮರೆತವರಿಗೆ ತಮ್ಮ ಮಾತು ಹೇಳುವ ಅವಕಾಶವೇ ತಪ್ಪುತ್ತದೆ.

ಬೀಜದ ಅಂಗಡಿಯ ಜವಾಬ್ದಾರಿ

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ ದೂರೆಂದರೆ ಬರೀ ಬಟ್ಟೆಯ ಬಣ್ಣದ ಮಾತಲ್ಲ. ಬೀಜ ಮೊಳೆಯದಿದ್ದರೆ ರೈತನಿಗೆ ಒಂದು ಹಂಗಾಮೇ ಹೋಯಿತು. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದೆ. ‘ಕಂಪನಿಯವರನ್ನು ಕೇಳು’ ಎಂದು ಕಳಿಸಿಬಿಡುವ ಬದಲು ಬಿಲ್ ಮತ್ತು ಲಾಟ್ ನಂಬರ್ ಬರೆದುಕೊಂಡು, ಕಂಪನಿಗೆ ತಿಳಿಸಿ, ಹೊಲ ಮತ್ತೆ ಉಳುವ ಮೊದಲೇ ಕೃಷಿ ಇಲಾಖೆಯವರಿಗೆ ತೋರಿಸುವಂತೆ ರೈತನಿಗೆ ಹೇಳಿದರೆ ಸತ್ಯ ಹೊರಬರುತ್ತದೆ. ದೋಷ ಬೀಜದ್ದೋ, ನೀರಿನದ್ದೋ, ಹವಾಮಾನದ್ದೋ ಎಂಬುದೂ ತಿಳಿಯುತ್ತದೆ.

ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಉದ್ರಿ ಖಾತೆಯ ಗಿರಾಕಿ ಅಂಗಡಿಯಲ್ಲಿ ಬಾಯಿ ಬಿಡುವುದಿಲ್ಲ. ಬಾಕಿ ಇದ್ದಾಗ ದೂರುವುದು ಹೇಗೆಂಬ ಸಂಕೋಚ. ಸುಗ್ಗಿಯಾದ ಮೇಲೆ ಲೆಕ್ಕ ಚುಕ್ತಾ ಮಾಡಿ ಹೋದವನು ಮತ್ತೆ ಬರುವುದಿಲ್ಲ. ಆದ್ದರಿಂದ ಗಿರಾಕಿಯ ಮೌನವನ್ನು ತೃಪ್ತಿಯೆಂದು ತಿಳಿಯಬಾರದು, ಕೇಳಬೇಕು.

ಉತ್ತರಿಸುವ ಬಗೆ

ಮೊಬೈಲ್‌ನಲ್ಲಿ ಬಂದ ದೂರಿಗೆ ಅದೇ ರಾತ್ರಿ ಸಿಟ್ಟಿನಲ್ಲಿ ಉತ್ತರಿಸಬಾರದು. ಮೊದಲು ಬಿಲ್ ನೋಡಿ, ಕೆಲಸದ ಹುಡುಗರನ್ನು ವಿಚಾರಿಸಬೇಕು. ತಪ್ಪು ಅಂಗಡಿಯದಾದರೆ ಒಪ್ಪಿ, ಏನು ಪರಿಹಾರ ಕೊಡಲಾಗುವುದೆಂದು ಎರಡು ಸಾಲಿನಲ್ಲಿ ತಿಳಿಸಬೇಕು. ದೂರು ಸುಳ್ಳಾದರೆ ದಿನಾಂಕ, ಬಿಲ್ಲಿನ ವಿವರ ಸಹಿತ ಶಾಂತವಾಗಿ ಹೇಳಿದರೆ ಸಾಕು. ಓದುವ ನೂರು ಜನ ಅಳೆಯುವುದು ವ್ಯಾಪಾರಿಯ ಮಾತಿನ ಧಾಟಿಯನ್ನು. ಬಂಧುಗಳಿಂದ ಐದು ಸ್ಟಾರ್ ಹಾಕಿಸುವುದು ಪರಿಹಾರವಲ್ಲ. ಕಾಸು ಕೊಟ್ಟು ಬರೆಸಿದ ಹೊಗಳಿಕೆಯನ್ನು ತಡೆಯಲೆಂದೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗೆ ಮಾನದಂಡ ರೂಪಿಸಿದೆ.

ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ತೂಕ-ಅಳತೆಯ ಮೋಸ ಮತ್ತು ಕಲಬೆರಕೆ ಎರಡೂ ಸೇರಿವೆ. ಅರಿಯದೆ ಆದ ತಪ್ಪನ್ನು ಎದುರು ನಿಂತು ತೋರಿಸಿದ ಗಿರಾಕಿ ವ್ಯಾಪಾರಿಗೆ ಉಪಕಾರವನ್ನೇ ಮಾಡಿದ್ದಾನೆ. ಗ್ರಾಹಕ ಸಹಾಯವಾಣಿ 1915ಕ್ಕೆ ಆತ ಕರೆ ಮಾಡುವ ಮೊದಲು, ಅಂಗಡಿಯಲ್ಲೊಂದು ಕುರ್ಚಿ ಕೊಟ್ಟು ಅವನ ಮಾತು ಕೇಳಲಿ.