ಅರ್ಜೆಂಟೀನಾ ಮಾತು ಹೊಸಪೇಟೆಯಲ್ಲಿ, ಭಾರತ ತಂಡದ ಕ್ಯಾಂಪ್ ತೋರಣಗಲ್ಲಿನಲ್ಲಿ: ನಡುವೆ 30 ಕಿ.ಮೀ. ದೂರ

ಹೊಸಪೇಟೆ: ಫುಟ್‌ಬಾಲ್ ವಿಶ್ವಕಪ್ ಜೂನ್ 11ಕ್ಕೆ ಶುರು. ಅಮೆರಿಕ, ಕೆನಡಾ, ಮೆಕ್ಸಿಕೊ ಸೇರಿ ಮೂರು ದೇಶಗಳ ಆತಿಥ್ಯ, 48 ತಂಡ, 104 ಪಂದ್ಯ. ಬೆಳಿಗ್ಗೆ ಒಗ್ಗರಣೆ-ಮಿರ್ಚಿ ಗಾಡಿ ಮುಂದೆ ನಿಂತವರಿಂದ ಹಿಡಿದು ರಾತ್ರಿ ಶಟರ್ ಎಳೆಯೋ ಮೊಬೈಲ್ ಅಂಗಡಿಯವರ ತನಕ ಫುಟ್‌ಬಾಲ್ ಹುಚ್ಚು ಇರೋರಿಗೆಲ್ಲ ಈಗ ಅದೇ ಮಾತು. ಮೆಸ್ಸಿ ಇನ್ನೊಂದು ಸಲ ಎತ್ತುತ್ತಾನಾ, ಬ್ರೆಜಿಲ್‌ಗೆ ಏನಾಗಿದೆ, ರೊನಾಲ್ಡೊಗೆ ಇದೇ ಕೊನೇದಾ. ಕ್ರಿಕೆಟ್ ಊರಲ್ಲಿ ಇಷ್ಟು ಜನ ಫುಟ್‌ಬಾಲ್ ಮಾತಾಡೋದು ನಾಲ್ಕು ವರ್ಷಕ್ಕೊಮ್ಮೆ ಮಾತ್ರ. ಆದರೆ ಈ ಸಲದ ಚರ್ಚೆಯಲ್ಲಿ ಒಂದು ಹೆಸರು ಎಲ್ಲರ ಬಾಯಿಗೂ ಬಂದು ನಿಲ್ಲುತ್ತದೆ: ಕುರಸಾವೊ.

2011ರ ಜನಗಣತಿ ಪ್ರಕಾರ ಹೊಸಪೇಟೆ ನಗರದ ಜನಸಂಖ್ಯೆ 2.06 ಲಕ್ಷ. ಕೆರಿಬಿಯನ್ ಸಮುದ್ರದ ಕುರಸಾವೊ ದ್ವೀಪದ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಅಂದರೆ ನಮ್ಮ ಊರಿಗಿಂತ ಸಣ್ಣದು. ಆ ದ್ವೀಪ ಕಳೆದ ನವೆಂಬರ್ 18ರಂದು ಜಮೈಕಾ ವಿರುದ್ಧ 0-0 ಡ್ರಾ ಮಾಡಿಕೊಂಡು ವಿಶ್ವಕಪ್‌ಗೆ ಹೋಯಿತು. ಜೂನ್ 14ಕ್ಕೆ ಜರ್ಮನಿ ಎದುರು ಆಡುತ್ತದೆ. ಅದೇ ನವೆಂಬರ್ 18ರಂದು ಭಾರತ ಎಲ್ಲಿತ್ತು? ಢಾಕಾದಲ್ಲಿ. ಬಾಂಗ್ಲಾದೇಶದ ಎದುರು 0-1ರಿಂದ ಸೋತಿತು. ಬಾಂಗ್ಲಾ ಎದುರು 22 ವರ್ಷದ ಮೇಲೆ ಬಂದ ಸೋಲು. ಏಷ್ಯಾ ಕಪ್ ಬಾಗಿಲು ಅದಕ್ಕೂ ಮೊದಲೇ, ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಾಪುರದ ಎದುರು 1-2ರಲ್ಲಿ ಸೋತಾಗಲೇ ಮುಚ್ಚಿತ್ತು.

ಇಲ್ಲಿಂದ ಜಗಳ ಶುರುವಾಗುತ್ತದೆ. ಕುರಸಾವೊ ತಂಡದಲ್ಲಿ ಬಹುತೇಕರು ಹುಟ್ಟಿ ಬೆಳೆದದ್ದು ನೆದರ್ಲೆಂಡ್ಸ್‌ನಲ್ಲಿ, ನಾವೂ ಹಂಗೇ ಹೊರದೇಶದಲ್ಲಿರೋ ಭಾರತೀಯ ಮೂಲದವರನ್ನು ಆಡಿಸಿದರೆ ಏನು ತಪ್ಪು ಅನ್ನೋರು ಒಂದು ಕಡೆ. ಹಂಗಾದರೆ ಇಲ್ಲಿನ ಹುಡುಗರು ಏನು ಮಾಡಬೇಕು ಅನ್ನೋರು ಇನ್ನೊಂದು ಕಡೆ. ನಿಯಮ ಮಾತ್ರ ನೇರವಾಗಿದೆ. ಭಾರತದಲ್ಲಿ ಎರಡು ದೇಶದ ಪೌರತ್ವಕ್ಕೆ ಅವಕಾಶ ಇಲ್ಲ, ಭಾರತದ ಪಾಸ್‌ಪೋರ್ಟ್ ಇದ್ದರಷ್ಟೇ ರಾಷ್ಟ್ರೀಯ ತಂಡ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಅದಕ್ಕೇ ಆಸ್ಟ್ರೇಲಿಯಾ ಪೌರತ್ವ ಬಿಟ್ಟು ಕಳೆದ ವರ್ಷ ಭಾರತೀಯರಾದರು. ಎಲ್ಲರೂ ಅಷ್ಟು ದೊಡ್ಡ ನಿರ್ಧಾರ ಮಾಡಲಿಕ್ಕೆ ಆಗೋದಿಲ್ಲ. ಹಾಗಾಗಿ ಕುರಸಾವೊ ದಾರಿ ನಮಗೆ ಅರ್ಧ ಮಾತ್ರ ತೆರೆದಿದೆ. ಉಳಿದರ್ಧಕ್ಕೆ ಹುಡುಗರನ್ನು ಇಲ್ಲೇ ಬೆಳೆಸಬೇಕು.

ಎಲ್ಲಿ ಬೆಳೆಸೋದು ಅನ್ನೋ ಪ್ರಶ್ನೆಗೆ ದೇಶದ ದೊಡ್ಡ ಉತ್ತರಗಳಲ್ಲಿ ಒಂದು ಇರೋದು ನಮ್ಮ ಪಕ್ಕದಲ್ಲೇ. ಹೊಸಪೇಟೆಯಿಂದ ಬಳ್ಳಾರಿ ರಸ್ತೆ ಹಿಡಿದರೆ ಸುಮಾರು 30 ಕಿ.ಮೀ., ಸಂಡೂರು ತಾಲ್ಲೂಕಿನ ತೋರಣಗಲ್ಲು. ಅಲ್ಲಿನ ಜಿಂದಾಲ್ ಪ್ರದೇಶದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಅಂದರೆ ಹೆಚ್ಚಿನವರಿಗೆ ನೀರಜ್ ಚೋಪ್ರಾ, ಕುಸ್ತಿ, ಬಾಕ್ಸಿಂಗ್ ನೆನಪಾಗುತ್ತದೆ. ಆದರೆ ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿಯ ಹುಡುಗರು ತಾಲೀಮು ಮಾಡಿದ್ದೂ ಇಲ್ಲೇ. ಕ್ಲಬ್‌ನ ಹಿರಿಯರ ತಂಡ ಕೂಡ ಪ್ರೀ-ಸೀಸನ್ ತಾಲೀಮಿಗೆ ಒಂದಕ್ಕಿಂತ ಹೆಚ್ಚು ಸಲ ಇಲ್ಲಿಗೆ ಬಂದಿದೆ. ಕ್ಲಬ್ಬೂ ಸಂಸ್ಥೆಯೂ ಎರಡೂ ಜೆಎಸ್‌ಡಬ್ಲ್ಯೂ ಬಳಗದ್ದೇ.

ಅದಕ್ಕಿಂತ ದೊಡ್ಡ ವಿಷಯ 2022ರದ್ದು. ಆ ವರ್ಷ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ತನಕ ಭಾರತ ತಂಡದ ಕ್ಯಾಂಪ್ ನಡೆದದ್ದೇ ಇಲ್ಲಿ. ಆಗಿನ ಕೋಚ್ ಇಗೊರ್ ಸ್ಟಿಮ್ಯಾಕ್ ಏಷ್ಯಾ ಕಪ್ ಅರ್ಹತಾ ಪಂದ್ಯಗಳಿಗೆ ಅಂತ 40ಕ್ಕೂ ಹೆಚ್ಚು ಸಂಭಾವ್ಯರನ್ನು ಹೆಸರಿಸಿದ್ದರು. ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಅಂತ ನಾವೇ ತಮಾಷೆ ಮಾಡಿಕೊಳ್ಳೋ ಊರಿಗೆ ಆ ಕಡುಬೇಸಿಗೆಯಲ್ಲೇ ದೇಶದ ತಂಡ ಬಂದು ತಯಾರಾಗಿ ಹೋಯಿತು. ಹೊಸಪೇಟೆ, ಕಂಪ್ಲಿಯಲ್ಲಿ ಅವತ್ತು ಇದನ್ನು ಮಾತಾಡಿದವರು ಎಷ್ಟು ಜನ? ಕ್ಯಾಂಪ್ ಅಂದರೆ ಟಿಕೆಟ್ ಕೊಟ್ಟು ತೋರಿಸೋ ಪಂದ್ಯ ಅಲ್ಲ, ನಿಜ. ಆದರೂ ದೇಶದ ತಂಡ ಅರ್ಧ ಗಂಟೆ ದೂರದಲ್ಲಿ ಇದ್ದಾಗ ಚಹಾ ಅಂಗಡಿಯಲ್ಲಿ ಮಾತು ಮ್ಯಾಂಚೆಸ್ಟರ್ ಮೇಲೇ ನಡೀತಿತ್ತು.

ಆ ಕ್ಯಾಂಪ್ ಮುಂದೆ ಏನಾಯಿತು ಅನ್ನೋದನ್ನು ನೋಡಿದರೆ, ಸ್ನೇಹಪರ ಪಂದ್ಯಗಳ ಫಲಿತಾಂಶ ಹಿಡಿದು ಎದೆ ಬಡಿದುಕೊಳ್ಳೋರಿಗೆ ಉತ್ತರ ಸಿಗುತ್ತದೆ. ತಂಡ ಇಲ್ಲಿಂದ ಕೋಲ್ಕತ್ತಕ್ಕೆ ಹೋಗಿ ಎಟಿಕೆ ಮೋಹನ್ ಬಾಗಾನ್ ಕ್ಲಬ್ ಜೊತೆ ಅಭ್ಯಾಸ ಪಂದ್ಯ ಆಡಿ 1-2ರಲ್ಲಿ ಸೋತಿತು. ಮೇ 28ರಂದು ದೋಹಾದಲ್ಲಿ ಜೋರ್ಡನ್ ಎದುರು 0-2. ಅಭಿಮಾನಿಗಳು ಕೋಚ್‌ನನ್ನು ಬೈದು ಮುಗಿಸೋದರೊಳಗೆ ಜೂನ್ ಬಂತು. ಕಾಂಬೋಡಿಯಾ ವಿರುದ್ಧ 2-0, ಅಫ್ಗಾನಿಸ್ತಾನ ವಿರುದ್ಧ 2-1, ಹಾಂಕಾಂಗ್ ವಿರುದ್ಧ 4-0. ಮೂರಕ್ಕೆ ಮೂರೂ ಗೆದ್ದು ಏಷ್ಯಾ ಕಪ್‌ಗೆ ಹೋಯಿತು. ಮರುವರ್ಷ ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಕುವೈತ್ ಮಣಿಸಿ ಸ್ಯಾಫ್ ಕಪ್ಪೂ ಗೆದ್ದಿತು, ಫಿಫಾ ಪಟ್ಟಿಯಲ್ಲಿ 99ನೇ ಸ್ಥಾನಕ್ಕೂ ಏರಿತು. ಸೋಲಲಿಕ್ಕೆ ಅಂತಲೇ ಇರೋ ಪಂದ್ಯಗಳು ಅವು. ಅಲ್ಲಿ ಸೋತು ಕಲಿಯಬೇಕು, ಅಸಲಿ ಪಂದ್ಯದಲ್ಲಿ ಗೆಲ್ಲಬೇಕು.

ಕಲಿತದ್ದು ಉಳೀತಾ ಅಂದರೆ ಅದು ಬೇರೆ ಕಥೆ. 2024ರ ಜನವರಿಯ ಏಷ್ಯಾ ಕಪ್‌ನಲ್ಲಿ ಭಾರತ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಮೂವರ ಎದುರೂ ಸೋತಿತು, ಒಂದು ಗೋಲ್ ಕೂಡ ಹೊಡೆಯಲಿಲ್ಲ. ದೋಹಾದಲ್ಲಿ ನಮ್ಮ ಜೊತೆ ಸ್ನೇಹಪರ ಪಂದ್ಯ ಆಡಿದ್ದ ಜೋರ್ಡನ್ ಅದೇ ಟೂರ್ನಿಯ ಫೈನಲ್‌ಗೆ ಹೋಯಿತು. ಈಗ ಮೊದಲ ಸಲ ವಿಶ್ವಕಪ್ ಆಡ್ತಿದೆ, ಅದೂ ಅರ್ಜೆಂಟೀನಾ ಇರೋ ಗುಂಪಿನಲ್ಲಿ. ನೀಲಿ-ಬಿಳಿ ಜರ್ಸಿ ಹಾಕೋರು ಆ ಪಂದ್ಯ ನೋಡುವಾಗ ಇದನ್ನೂ ನೆನಪಿಟ್ಟುಕೊಳ್ಳಬಹುದು. ಅರ್ಜೆಂಟೀನಾ ತಂಡ ಕಳೆದ ನವೆಂಬರ್‌ನಲ್ಲಿ ಕೊಚ್ಚಿಗೆ ಬಂದು ಆಡುತ್ತೆ ಅಂತ ದೊಡ್ಡ ಪ್ರಚಾರ ಆಗಿತ್ತು, ಅದು ಆಗಲಿಲ್ಲ. ಡಿಸೆಂಬರ್‌ನಲ್ಲಿ ಮೆಸ್ಸಿ ಬಂದು ಕೋಲ್ಕತ್ತ, ಹೈದರಾಬಾದ್, ಮುಂಬೈ, ದೆಹಲಿ ಸುತ್ತಿ ಹೋದರು. ಕೋಲ್ಕತ್ತದಲ್ಲಿ ಸಾವಿರಾರು ರೂಪಾಯಿ ಟಿಕೆಟ್ ಕೊಟ್ಟವರಿಗೆ ಮುಖ ಕಾಣದೆ ಕುರ್ಚಿ ಮುರಿದದ್ದನ್ನು ಎಲ್ಲರೂ ಮೊಬೈಲ್‌ನಲ್ಲಿ ನೋಡಿದ್ದಾರೆ.

ಇನ್ನು ಟ್ರಾನ್ಸ್‌ಫರ್ ಮಾತು. ಯಾವ ಆಟಗಾರ ಯಾವ ಕ್ಲಬ್‌ಗೆ, ಎಷ್ಟಕ್ಕೆ ಅನ್ನೋದು ಹುಡುಗರಿಗೆ ಬಾಯಿಪಾಠ. ಲಿವರ್‌ಪೂಲ್ ಕಳೆದ ಸೆಪ್ಟೆಂಬರ್‌ನಲ್ಲಿ ಅಲೆಕ್ಸಾಂಡರ್ ಇಸಾಕ್‌ಗೆ ಕೊಟ್ಟದ್ದು 12.5 ಕೋಟಿ ಪೌಂಡ್, ನಮ್ಮ ದುಡ್ಡಲ್ಲಿ 1,400 ಕೋಟಿ ರೂಪಾಯಿ ಮೇಲೆ. ಐಎಸ್‌ಎಲ್ ನಡೆಸುತ್ತಿದ್ದ ಕಂಪನಿ ಭಾರತದ ಫುಟ್‌ಬಾಲ್ ಫೆಡರೇಷನ್‌ಗೆ ವರ್ಷಕ್ಕೆ ಕೊಡುತ್ತಿದ್ದದ್ದು 50 ಕೋಟಿ. ಒಬ್ಬ ಇಸಾಕ್ ಬೆಲೆಯಲ್ಲಿ ನಮ್ಮ ಫೆಡರೇಷನ್‌ನ 28 ವರ್ಷದ ಬಾಬ್ತು ಮುಗಿದು ಹೋಗುತ್ತದೆ.

ಆ 50 ಕೋಟಿಗೂ ಕಳೆದ ವರ್ಷ ಕುತ್ತು ಬಂತು. 2010ರಲ್ಲಿ ಆದ 15 ವರ್ಷದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯಬೇಕಿತ್ತು. ಫೆಡರೇಷನ್ ಸಂವಿಧಾನದ ಕೇಸ್ ಸುಪ್ರೀಂ ಕೋರ್ಟ್‌ನಲ್ಲಿ ಇದ್ದದ್ದರಿಂದ ಹೊಸ ಒಪ್ಪಂದ ಆಗಲಿಲ್ಲ. ಜುಲೈನಲ್ಲಿ ಲೀಗ್ ತಡೆಹಿಡಿದರು. ಟೆಂಡರ್ ಕರೆದರೆ ಒಬ್ಬರೂ ಬಿಡ್ ಹಾಕಲಿಲ್ಲ. ಮುಂಬೈ ಸಿಟಿಯಿಂದ ಮ್ಯಾಂಚೆಸ್ಟರ್ ಸಿಟಿ ಬಳಗದ ಮಾಲೀಕರು ಕೈ ತೊಳೆದುಕೊಂಡರು. ಕೇರಳ ಬ್ಲಾಸ್ಟರ್ಸ್ ನಾಯಕ ಅಡ್ರಿಯಾನ್ ಲೂನಾ ಲೋನ್ ಮೇಲೆ ಹೊರದೇಶಕ್ಕೆ ಹೋದರು. ನಮಗೆ ಹತ್ತಿರವಿದ್ದ ಇನ್ನೊಂದು ತಂಡ ಹೈದರಾಬಾದ್ ಎಫ್‌ಸಿ ಹೆಸರು ಬದಲಿಸಿ ದೆಹಲಿಗೆ ಹೋಗಿಬಿಟ್ಟಿತು. ನಮ್ಮ ಟ್ರಾನ್ಸ್‌ಫರ್ ಮಾರುಕಟ್ಟೆಯಲ್ಲಿ ಆಟಗಾರ ಮಾತ್ರ ಅಲ್ಲ, ಕ್ಲಬ್ಬೇ ಊರು ಬಿಡುತ್ತದೆ.

ತೋರಣಗಲ್ಲಿಗೆ ತಟ್ಟುವಂಥ ಸುದ್ದಿ ಬಂದದ್ದು ಆಗಸ್ಟ್ 4ರಂದು. ಏಪ್ರಿಲ್ 12ರಂದು ಐಎಸ್‌ಎಲ್ ಫೈನಲ್ ಆಡಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 1-2ರಿಂದ ಸೋತಿದ್ದ ಬೆಂಗಳೂರು ಎಫ್‌ಸಿ, ನಾಲ್ಕು ತಿಂಗಳೊಳಗೆ ಹಿರಿಯರ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಪ್ರಕಟಿಸಿತು. ಸುನಿಲ್ ಚೆಟ್ರಿ ಇರೋ ತಂಡಕ್ಕೇ ಹೀಗಾದರೆ ಉಳಿದವರ ಪಾಡೇನು ಅಂತ ಅವತ್ತು ಎಲ್ಲರೂ ಮಾತಾಡಿದರು. ಅದೇ ಪ್ರಕಟಣೆಯಲ್ಲಿ ಇನ್ನೊಂದು ಸಾಲಿತ್ತು, ಅದು ಸುದ್ದಿ ಆಗಲಿಲ್ಲ. ಕಿರಿಯರ ತಂಡಗಳು ಮತ್ತು ಮಕ್ಕಳ ಫುಟ್‌ಬಾಲ್ ಶಾಲೆಗಳು ಎಂದಿನಂತೆ ನಡೆಯುತ್ತವೆ ಎಂಬುದು ಆ ಸಾಲು. ನಮ್ಮ ತಾಲ್ಲೂಕುಗಳ ಮಟ್ಟಿಗೆ ಇಡೀ ವರ್ಷದಲ್ಲಿ ಬಂದ ಮುಖ್ಯ ಫುಟ್‌ಬಾಲ್ ಸುದ್ದಿ ಅದೇ. ಈ ಕ್ಲಬ್‌ನ ಕಿರಿಯರು 2022ರಲ್ಲಿ, ಮತ್ತೆ 2023ರಲ್ಲಿ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಗೆದ್ದು ಇಂಗ್ಲೆಂಡ್ ಕ್ಲಬ್‌ಗಳ ಹುಡುಗರ ಜೊತೆಗೂ ಆಡಿದವರು. ಹಿರಿಯರ ಸಂಬಳ ಎರಡು ತಿಂಗಳು ನಿಂತರೆ ಮತ್ತೆ ಶುರುವಾಗಬಹುದು. ಅಕಾಡೆಮಿ ಒಮ್ಮೆ ಬಾಗಿಲು ಹಾಕಿದರೆ 13 ವರ್ಷದ ಹುಡುಗ ಮತ್ತೆ 13ಕ್ಕೆ ಬರೋದಿಲ್ಲ.

ಕೊನೆಗೆ ಕೇಂದ್ರ ಕ್ರೀಡಾ ಸಚಿವರು ನಡುವೆ ಬಂದು, ಫೆಬ್ರವರಿ 14ಕ್ಕೆ ಲೀಗ್ ಶುರುವಾಯಿತು. 14 ಕ್ಲಬ್, ಒಬ್ಬರ ಜೊತೆ ಒಂದೇ ಸಲ ಆಟ, ಒಟ್ಟು 91 ಪಂದ್ಯ. ಸದ್ಯಕ್ಕೆ ಉಸಿರು ಬಂದಿದೆ ಅಷ್ಟೇ.

ಹೊಸಪೇಟೆಯವರು ಬೆಂಗಳೂರು ಎಫ್‌ಸಿ ಪಂದ್ಯ ನೋಡಬೇಕಂದರೆ ಕಂಠೀರವಕ್ಕೆ ಹೋಗಬೇಕು. ಹೋಗಲಿಕ್ಕೆ ಒಂದು ರಾತ್ರಿ ಹಂಪಿ ಎಕ್ಸ್‌ಪ್ರೆಸ್, ಬರಲಿಕ್ಕೆ ಇನ್ನೊಂದು ರಾತ್ರಿ, ನಡುವೆ ಒಂದು ದಿನದ ವ್ಯಾಪಾರ ಬಂದ್. ಅಂಗಡಿ ಇಟ್ಟವರಿಗೆ ವರ್ಷಕ್ಕೊಮ್ಮೆ ಆದರೆ ದೊಡ್ಡದು. ಕರ್ನಾಟಕ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಾಗಲೂ ನಮ್ಮ ಕಡೆ ಸದ್ದಾಗಲಿಲ್ಲ. ರಾಜ್ಯದ ಫುಟ್‌ಬಾಲ್ ಅಂದರೆ ಹೆಚ್ಚಾಗಿ ಬೆಂಗಳೂರು ಫುಟ್‌ಬಾಲ್ ಅನ್ನೋ ಹಳೇ ಕಥೆ. ಹಲಸೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ, ಅಲ್ಲಿ ಓಣಿ ಹುಡುಗರು ದೊಡ್ಡವರ ಆಟ ನೋಡಿ ನೋಡಿಯೇ ಕಲಿತರು. ಇಲ್ಲಿ ನೋಡಲಿಕ್ಕೆ ಟಿವಿ ಬಿಟ್ಟರೆ ಏನಿದೆ?

ಬೇಡಿಕೆ ಇಡೋದಾದರೆ ಇದೇ ಜಾಗ. ತೋರಣಗಲ್ಲಿಗೆ ತಾಲೀಮಿಗೆ ಬರೋ ತಂಡ ಒಂದು ಸಂಜೆ ಹೊಸಪೇಟೆಯ ಜಿಲ್ಲಾ ಕ್ರೀಡಾಂಗಣದಲ್ಲಿ ಸಾರ್ವಜನಿಕರ ಮುಂದೆ ಒಂದು ಪ್ರೀ-ಸೀಸನ್ ಪಂದ್ಯ ಆಡಲಿ. ಹಿರಿಯರೇ ಬೇಕಂತಿಲ್ಲ, ಅಕಾಡೆಮಿ ಹುಡುಗರಾದರೂ ಸಾಕು. ಖರ್ಚಿನ ಮಾತು ಬಂದರೆ ತಂಡಕ್ಕೆ ಹೋಟೆಲ್ ಬೇಕಿಲ್ಲ, ವಿಮಾನ ಬೇಕಿಲ್ಲ. ಒಂದು ಬಸ್, ಗೋಲ್ ನೆಟ್, ಆಂಬುಲೆನ್ಸ್, ಪೊಲೀಸ್ ಬಂದೋಬಸ್ತ್ ಸಾಕು. ಸಮಾವೇಶದ ಪೆಂಡಾಲ್‌ಗೆ ಸಿಗೋ ಮೈದಾನ ನೆಟ್ ಕಟ್ಟೋಕೂ ಸಿಗಬೇಕು. ಕಂಪ್ಲಿ, ಸಂಡೂರು ಶಾಲೆಗಳ ಮಕ್ಕಳನ್ನು ಕರೆತಂದು ಕೂರಿಸಿದರೆ ಅದೇ ಗ್ಯಾಲರಿ. ತೊಡಕು ಇರೋದು ಕಾಗದದಲ್ಲಿ. 2021ರಲ್ಲಿ ಜಿಲ್ಲೆ ಒಡೆದ ಮೇಲೆ ತೋರಣಗಲ್ಲು, ಸಂಡೂರು, ಕಂಪ್ಲಿ ಬಳ್ಳಾರಿಗೆ. ಹೊಸಪೇಟೆ, ಹಂಪಿ ವಿಜಯನಗರಕ್ಕೆ. ಹಾಗಾಗಿ ಅರ್ಜಿ ಎರಡು ಕಡೆ ಹೋಗಬೇಕು, ಕ್ಲಬ್‌ಗೆ ಮೂರನೇದು.

ವ್ಯಾಪಾರದ ಲೆಕ್ಕವನ್ನೂ ನೋಡಬೇಕು. 2022ರ ಕತಾರ್ ವಿಶ್ವಕಪ್ ನವೆಂಬರ್-ಡಿಸೆಂಬರ್‌ನಲ್ಲಿ ಬಂದಿತ್ತು, ಹಂಪಿಗೆ ವಿದೇಶಿಯರು ಬರೋ ಸೀಸನ್. ಪಂದ್ಯಗಳೂ ಮಧ್ಯಾಹ್ನ ಮೂರೂವರೆಯಿಂದಲೇ ಶುರು, ಫೈನಲ್ ರಾತ್ರಿ ಎಂಟೂವರೆಗೆ. ಟಿವಿ ಇಟ್ಟ ಗೆಸ್ಟ್‌ಹೌಸ್, ಹೋಟೆಲ್‌ನವರಿಗೆ ಹೇಳಿ ಮಾಡಿಸಿದ ಹೊತ್ತು. ಈ ಸಲ ಉಲ್ಟಾ. ಜೂನ್-ಜುಲೈ, ಹಂಪಿ ಖಾಲಿ ಇರೋ ಕಾಲ. ಮೆಕ್ಸಿಕೊ-ದಕ್ಷಿಣ ಆಫ್ರಿಕಾ ಉದ್ಘಾಟನಾ ಪಂದ್ಯ ನಮ್ಮ ಗಡಿಯಾರದಲ್ಲಿ ಜೂನ್ 12ರ ರಾತ್ರಿ 12.30ಕ್ಕೆ, ಫೈನಲ್ ಜುಲೈ 20ರ ರಾತ್ರಿ 12.30ಕ್ಕೆ. ಅಷ್ಟೊತ್ತಿಗೆ ತೆಗೆದಿರೋ ಅಂಗಡಿ ಬಸ್ ಸ್ಟ್ಯಾಂಡ್ ಸುತ್ತಮುತ್ತ ನಾಲ್ಕು ಸಿಕ್ಕರೆ ಹೆಚ್ಚು. ಜರ್ಸಿ ಮಾರೋರಿಗೆ ಬಿಟ್ಟರೆ ಈ ವಿಶ್ವಕಪ್‌ನಿಂದ ಇಲ್ಲಿನ ಪೇಟೆಗೆ ದೊಡ್ಡ ಲಾಭ ಇಲ್ಲ. ಸಂಜೆ ಐದಕ್ಕೆ ಹೊಸಪೇಟೆಯಲ್ಲೇ ಒಂದು ಪಂದ್ಯ ಆದರೆ ಮಂಡಕ್ಕಿ-ಮಿರ್ಚಿಯವರಿಂದ ಆಟೋದವರ ತನಕ ನಾಲ್ಕು ಕಾಸು ಓಡಾಡುತ್ತದೆ.

ಕ್ಲಬ್‌ಗಳ ಪ್ರೀ-ಸೀಸನ್ ಸಾಮಾನ್ಯವಾಗಿ ಜುಲೈ-ಆಗಸ್ಟ್ ಸುಮಾರಿಗೆ. ಲೀಗ್ ತಡವಾಗಿ ಶುರುವಾದ ಕಾರಣ ಈ ವರ್ಷ ಅದು ಹಿಂದೆ ಮುಂದೆ ಆಗಬಹುದು. ಜಿಲ್ಲಾ ಕ್ರೀಡಾ ಇಲಾಖೆಗೆ ಅರ್ಜಿ ಕೊಡೋ ಯುವಕ ಸಂಘಗಳು, ವರ್ತಕರ ಸಂಘಗಳು ಇದ್ದರೆ, ವಿಶ್ವಕಪ್ ಮುಗಿಯೋ ತನಕ ಕಾಯದೆ ಈ ತಿಂಗಳೇ ಕೊಡೋದು ಒಳ್ಳೇದು.